ಭವಿಷ್ಯವಾಣಿಗಳನ್ನು ಓದುವ ಬಗೆ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬೀದರಿನಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಚೌಖಂಡಿ ಎಂಬ ಎಂಟು ಮೂಲೆಯ ಕಟ್ಟಡವಿದೆ. ಅದು ಹಜರತ್ ಖಲೀಲುಲ್ಲಾಹ್ ಅವರ ಸಮಾಧಿ. ಅವರ ತಂದೆ ಇರಾನಿನ ಸೂಫಿ ಕವಿ ಶಾಹ್ ನೇಮತುಲ್ಲಾಹ್ ವಲಿ. 1431ರಲ್ಲಿ ತೀರಿಕೊಂಡ ಅವರ ದರ್ಗಾ ಇರುವುದು ಇರಾನಿನ ಮಾಹಾನ್‌ನಲ್ಲಿ. ಬಹಮನಿ ಸುಲ್ತಾನ ಅಹ್ಮದ್ ಶಾಹ್ ಅವರ ಭಕ್ತನಾಗಿದ್ದ. ಈ ಹಿರಿಯರ ಹೆಸರಿನಲ್ಲಿ ಭವಿಷ್ಯ ಹೇಳುವ ಫಾರ್ಸಿ ಕವಿತೆಗಳು ಇಂದಿಗೂ ಓಡಾಡುತ್ತಿವೆ.

ಹಿಜರಿ 1260ರಲ್ಲಿ, ಅಂದರೆ 1844ರಲ್ಲಿ, ಇರಾನಿನಲ್ಲಿ ಬಾಬ್ ಎಂಬವರು ಹೊಸ ಪಂಥ ಆರಂಭಿಸಿದರು. ಆ ಇಸವಿ ಈ ಕವಿತೆಯಲ್ಲಿಯೇ ಇದೆಯೆಂದು ಅವರ ಅನುಯಾಯಿಗಳು ಹೇಳಿದರು. ಇಂಗ್ಲಿಷ್ ವಿದ್ವಾಂಸ ಇ.ಜಿ. ಬ್ರೌನ್ 1888ರಲ್ಲಿ ಮಾಹಾನ್ ದರ್ಗಾದ ದರ್ವೇಶರಿಂದ ಹಳೆಯ ಪ್ರತಿಯ ನಕಲು ಪಡೆದರು. ಅದರಲ್ಲಿ 1260 ಇರಲಿಲ್ಲ. ಅಬ್ಜದ್ ಲೆಕ್ಕದಲ್ಲಿ ದಾಲ್ ಎಂದರೆ 4, ಸೀನ್ ಎಂದರೆ 60. ಒಂದು ಅಕ್ಷರ ಬದಲಾದರೆ ಸಾಕು, ಇಸವಿಯೇ ಬದಲಾಗುತ್ತದೆ.

ನಮ್ಮ ದೇಶದಲ್ಲೂ ಇದೇ ನಡೆಯಿತು. ಪ್ಲಾಸಿ ಕದನವಾದದ್ದು 1757ರಲ್ಲಿ. ಇಂಗ್ಲಿಷರ ಆಳ್ವಿಕೆ ನೂರೇ ವರ್ಷ ಎಂಬ ಮಾತು 1857ರಲ್ಲಿ ಊರೂರಿಗೆ ಹಬ್ಬಿತು. ಅದಕ್ಕೂ ವಲಿಯವರ ಹೆಸರನ್ನೇ ಹೇಳಿದರು. ಇರಾನಿನ ಹಳೆಯ ಕವಿತೆಯಲ್ಲಿ ಇಂಗ್ಲಿಷರ ಸುದ್ದಿಯೇ ಇಲ್ಲ. 1858ರಲ್ಲಿ ಕಂಪನಿ ಆಡಳಿತ ಮುಗಿದದ್ದು ನಿಜ, ಆದರೆ ರಾಜ್ಯ ರಾಣಿಯ ಕೈಸೇರಿತು. ಸ್ವಾತಂತ್ರ್ಯಕ್ಕೆ 1947ರವರೆಗೆ ಕಾಯಬೇಕಾಯಿತು. 1971ರ ಯುದ್ಧದ ನಂತರ ಪಾಕಿಸ್ತಾನದಲ್ಲಿ ಇಂಥ ಕವಿತೆಗಳು ಮತ್ತೆ ಅಚ್ಚಾದವು. ಸೋತ ಮನಸ್ಸಿಗೆ ಮುಂದೆ ಗೆಲುವಿದೆ ಎಂಬ ಮಾತು ಬೇಕಾಗಿತ್ತು.

ಜನರನ್ನು ದಡ್ಡರೆಂದು ನಾನು ಹೇಳುತ್ತಿಲ್ಲ. ಕಷ್ಟ ಹೆಚ್ಚಿದಾಗ ಭರವಸೆ ಹುಡುಕುವುದು ಮನುಷ್ಯ ಸಹಜ. ಆದರೆ ಗೈಬಿನ ಜ್ಞಾನ ಅಲ್ಲಾಹನಿಗೆ ಮಾತ್ರ ಎಂದು ನಂಬುವ ನಾವು, ಯಾರೋ ತಿದ್ದಿದ ಸಾಲನ್ನು ಒಬ್ಬ ಬುಜುರ್ಗರ ತಲೆಗೆ ಕಟ್ಟುವುದು ಸರಿಯೇ? ಅದು ಅವರಿಗೆ ಮಾಡುವ ಅಗೌರವ. ಎಲ್ಲವೂ ಮೊದಲೇ ಬರೆದಾಗಿದೆ ಎಂದು ಕುಳಿತ ಹುಡುಗ ಪುಸ್ತಕ ಮುಚ್ಚಿಡುತ್ತಾನೆ, ಇದು ಅದಕ್ಕಿಂತ ದೊಡ್ಡ ನಷ್ಟ.

ಮಕ್ಕಳೇ, ಮೊಬೈಲಿನಲ್ಲಿ ಇಂಥದ್ದು ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಮೊದಲು ಯಾವ ಪ್ರತಿಯಲ್ಲಿ ಸಿಕ್ಕಿತು? ಘಟನೆಗೆ ಮುಂಚೆ ಬರೆದದ್ದೋ, ಆಮೇಲೋ? ಹೇಳಿದ್ದು ಸುಳ್ಳಾದಾಗ ಅರ್ಥವನ್ನು ಬದಲಿಸಿದರೋ? ಉತ್ತರ ಸಿಗುವ ತನಕ ಯಾರಿಗೂ ಕಳುಹಿಸಬೇಡಿ. ಫಾರ್ಸಿ, ಉರ್ದು ಕಲಿತು ಮೂಲವನ್ನೇ ಓದುವವರಾಗಿ.