ನಮ್ಮ ತಾಲ್ಲೂಕಿಗೆ ವಕೀಲೆಯರು ಎಲ್ಲಿಂದ ಬರಬೇಕು?



ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮಗಳು. ಕಾನೂನು ಓದಲು ದಿನವೂ ಬೆಂಗಳೂರಿನ ಬಸ್ಸು ಹತ್ತುತ್ತಿದ್ದೆ. ಮೂರು ವರ್ಷದ ಎಲ್‌ಎಲ್‌.ಬಿ. ಮುಗಿಸಿ, ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಹಿರಿಯ ವಕೀಲರೊಬ್ಬರ ಕಡತ ಹೊತ್ತು ಕೆಲಸ ಕಲಿತೆ. ಆಗ ಕೈಗೆ ಬರುತ್ತಿದ್ದುದು ಬಸ್ ಚಾರ್ಜಿಗೂ ಸಾಲುತ್ತಿರಲಿಲ್ಲ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ನ್ಯಾಯಾಲಯಗಳಲ್ಲಿ ನಾನು ಕಂಡ ಸ್ಥಳೀಯ ವಕೀಲರೂ ಹೀಗೆ ಹೋಗಿ ಬಂದವರೇ. ಈ ದಾರಿ ಗಂಡುಮಕ್ಕಳಿಗೆ ಕಷ್ಟದ್ದು. ಹೆಣ್ಣುಮಕ್ಕಳಿಗಾದರೋ, ಸಂಪಾದನೆ ಶುರುವಾಗುವ ಮೊದಲೇ ಮದುವೆ.

ಇದರ ಫಲವೇನು? ವರದಕ್ಷಿಣೆಗಾಗಿ ಏಟು ತಿಂದ ಹೆಂಗಸೊಬ್ಬಳು ನನ್ನೆದುರು ಕೂತು, “ಅಕ್ಕಾ, ಗಂಡಸರ ಮುಂದೆ ಮೈಮೇಲಿನ ಬರೆ ಹೆಂಗೆ ತೋರಿಸ್ಲಿ?” ಅಂದಳು. ಎರಡು ವರ್ಷ ಅವಳು ಬಾಯಿ ಬಿಟ್ಟಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 1995ರಲ್ಲಿ ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರು ಉಚಿತ ವಕೀಲರ ನೆರವಿಗೆ ಅರ್ಹರು. ಅದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ, ತವರಿನಲ್ಲಿ ಆಶ್ರಯ ಪಡೆದವಳು ಅಲ್ಲಿನ ನ್ಯಾಯಾಲಯದಲ್ಲೇ ದೂರು ಕೊಡಬಹುದು. ಆದರೆ ಅವಳು ಅಂಜದೆ ಹೇಳಿಕೊಳ್ಳಲು ಹತ್ತಿರದಲ್ಲೊಬ್ಬ ವಕೀಲೆ ಬೇಡವೆ?

ನನ್ನ ಮದುವೆಗೆಂದು ಕೂಡಿಟ್ಟ ದುಡ್ಡನ್ನು ಅಪ್ಪ ನನ್ನ ಫೀಜಿಗೆ, ಮೊದಲ ವರ್ಷಗಳ ಖರ್ಚಿಗೆ ಕೊಟ್ಟ. ನಾನು ಕೇಳುವುದೂ ಇಷ್ಟೆ: ವರದಕ್ಷಿಣೆಗೆಂದು ತೆಗೆದಿಟ್ಟ ಹಣದಲ್ಲಿ ಒಬ್ಬ ಮಗಳಿಗೆ ಕಾನೂನು ಓದಿಸಿ. ಓದಿ ಊರಿಗೆ ಮರಳಿದವಳನ್ನು ನಾಲ್ಕು ವರ್ಷ ಕೈಬಿಡದೆ ನೋಡಿಕೊಳ್ಳಿ.