ಚಿತ್ರಕಥೆಗೆ ಬಂದ ವೀರನಾರಿಯರು

(ಜ್ಞಾನಭಾರತಿಯಲ್ಲಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

‘ಅಮರ ಚಿತ್ರಕಥೆ’ ಹುಟ್ಟಿದ್ದು ಮುಂಬಯಿಯಲ್ಲಿ, ಅದೂ ಇಂಗ್ಲಿಷಿನಲ್ಲಿ ಎಂದೇ ಹೆಚ್ಚಿನವರ ತಿಳಿವಳಿಕೆ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಂ ಅವರು 1965ರಲ್ಲಿ ಈ ಸಾಹಸಕ್ಕೆ ಕೈಹಾಕಿದರು. ಮೊದಲ ಹತ್ತು ಸಂಚಿಕೆಗಳೂ ಹೊರದೇಶದ ಕಥೆಗಳ ಕನ್ನಡ ರೂಪ.

ಅವುಗಳಲ್ಲಿದ್ದ ಹೆಣ್ಣುಮಕ್ಕಳು ಯಾರು? ಸಿಂಡ್ರೆಲಾ, ಸ್ನೋ ವೈಟ್, ಸ್ಲೀಪಿಂಗ್ ಬ್ಯೂಟಿ. ಒಬ್ಬಳು ಒಲೆಯ ಬೂದಿಯ ಪಕ್ಕ ಕುಳಿತವಳು, ಉಳಿದಿಬ್ಬರು ಮೈಮರೆತು ಮಲಗಿದವರು. ರಾಜಕುಮಾರ ಬರುವ ತನಕ ಮೂವರಿಗೂ ಬಿಡುಗಡೆಯಿಲ್ಲ. ಕಿತ್ತೂರು ಚೆನ್ನಮ್ಮನ ಲಾವಣಿ ಹಾಡುವ, ಒನಕೆ ಹಿಡಿದು ಕೋಟೆಯ ಕಿಂಡಿ ಕಾಯ್ದ ಓಬವ್ವನ ಕಥೆ ಹೇಳುವ ನಾಡಿಗೆ ಬಣ್ಣದ ಪುಟಗಳಲ್ಲಿ ಬಂದಿಳಿದವರು ಇವರು!

ಇದಕ್ಕೆ ಕಾಲು ಶತಮಾನ ಮೊದಲೇ ಅಮೆರಿಕದಲ್ಲಿ ಬೇರೊಂದು ಬಗೆಯ ನಾಯಕಿಯರು ಕಾಣಿಸಿಕೊಂಡಿದ್ದರು. 1938ರಲ್ಲಿ ಸೂಪರ್‌ಮ್ಯಾನ್ ಬಂದ ಮೇಲಿನ ಹತ್ತು ಹದಿನೈದು ವರ್ಷಗಳನ್ನು ಕಾಮಿಕ್ಸ್‌ನ ಸುವರ್ಣಯುಗ ಎನ್ನುತ್ತಾರೆ. 1940ರಲ್ಲಿ ಬಂದ ಫ್ಯಾಂಟಮಾ ಕಾಡಿನ ಕಾವಲುಗಾರ್ತಿ. ಸಿಟ್ಟು ಬಂದರೆ ಅವಳ ಚೆಲುವಿನ ಮುಖ ತಲೆಬುರುಡೆಯಾಗುತ್ತಿತ್ತು; ನಮ್ಮ ಮಾರಿಯಮ್ಮನನ್ನು ಬಲ್ಲವರಿಗೆ ಇದೇನೂ ಅಚ್ಚರಿಯಲ್ಲ. 1941ರ ಏಪ್ರಿಲ್‌ನಲ್ಲಿ ಕರಿಚಿರತೆಯ ತೊಗಲಿನ ಉಡುಪು ತೊಟ್ಟ ಮಿಸ್ ಫ್ಯೂರಿ ಭಾನುವಾರದ ಪತ್ರಿಕೆಗಳಿಗೆ ಬಂದಳು. ಇವಳನ್ನು ಬರೆದು ಚಿತ್ರಿಸಿದ್ದು ಒಬ್ಬ ಮಹಿಳೆ, ಜೂನ್ ಟಾರ್ಪೆ ಮಿಲ್ಸ್. ಹೆಣ್ಣಿನ ಕೈಕೆಲಸವೆಂದು ಓದುಗರಿಗೆ ಗೊತ್ತಾಗದಿರಲೆಂದು ಹೆಸರಿನ ‘ಜೂನ್’ ಕೈಬಿಟ್ಟು ಬರಿಯ ಟಾರ್ಪೆ ಮಿಲ್ಸ್ ಆದರು. ನಾಯಕಿಗೆ ಮುಖವಾಡ ಸರಿ, ಅವಳನ್ನು ಸೃಷ್ಟಿಸಿದವರಿಗೂ ಬೇಕಾಯಿತು.

ಆ ವರ್ಷದ ಕೊನೆಗೆ ಬಂದವಳೇ ವಂಡರ್ ವುಮನ್. ಅವಳ ಕರ್ತೃ ವಿಲಿಯಂ ಮಾರ್ಸ್ಟನ್ ಮನಶ್ಶಾಸ್ತ್ರಜ್ಞರು. ರಕ್ತದೊತ್ತಡ ಅಳೆದು ಸುಳ್ಳು ಪತ್ತೆ ಮಾಡುವ ಪರೀಕ್ಷೆಯನ್ನು ರೂಪಿಸಿದವರು. ಅವಳ ಚಿನ್ನದ ಹಗ್ಗಕ್ಕೆ ಸಿಕ್ಕವರು ಅವಳು ಹೇಳಿದಂತೆ ಕೇಳಲೇಬೇಕು. ಇಷ್ಟೆಲ್ಲ ಶಕ್ತಿಯಿದ್ದವಳನ್ನು 1942ರಲ್ಲಿ ‘ಜಸ್ಟಿಸ್ ಸೊಸೈಟಿ’ ಎಂಬ ವೀರರ ಕೂಟಕ್ಕೆ ಸೇರಿಸಿಕೊಂಡು ಕೊಟ್ಟ ಹುದ್ದೆ ಯಾವುದು? ಕಾರ್ಯದರ್ಶಿ! ಗಂಡಸರು ಕಾದಾಡಲು ಹೊರಡುವುದು, ಇವಳು ಕಚೇರಿ ನೋಡಿಕೊಳ್ಳುವುದು. ಇತ್ತ ತೆರೆಯ ಹಿಂದೆಯೂ ಇಂಥದೇ ಕಥೆ. 1944ರಿಂದ ಜಾಯ್ ಹಮ್ಮೆಲ್ ಎಂಬ ತರುಣಿ ವಂಡರ್ ವುಮನ್ ಕಥೆಗಳನ್ನು ಬರೆದರು, ಪುಟದ ಮೇಲೆ ಮಾತ್ರ ಮಾರ್ಸ್ಟನ್ ಬಳಸುತ್ತಿದ್ದ ಕಾವ್ಯನಾಮವೇ ಅಚ್ಚಾಗುತ್ತಿತ್ತು. ಆ ದುಡಿಮೆಗೆ ಬಹುಮಾನ ಬಂದದ್ದು 2018ರಲ್ಲಿ, ಆಕೆಗೆ 94 ವರ್ಷವಾದಾಗ.

ಯುದ್ಧ ಮುಗಿಯಿತು. ಗಂಡಸರು ಮರಳಿದರು, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಅನೇಕ ಹೆಂಗಸರು ಮನೆಗೆ ಹೋಗಬೇಕಾಯಿತು. ಚಿತ್ರಕಥೆಯ ನಾಯಕಿಯರೂ ಒಬ್ಬೊಬ್ಬರಾಗಿ ಮರೆಯಾದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್ ಅವರು ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂದು ಪುಸ್ತಕ ಬರೆದರು. ವಂಡರ್ ವುಮನ್ ಹೆಣ್ಣುಮಕ್ಕಳಿಗೆ ಕೆಟ್ಟ ಮಾದರಿ ಎಂಬುದೂ ಅವರ ದೂರು. ಅದೇ ವರ್ಷ ಪ್ರಕಾಶಕರೇ ನೀತಿಸಂಹಿತೆ ರಚಿಸಿಕೊಂಡರು. ಪ್ರೇಮಕಥೆಗಳು ಮನೆ ಮತ್ತು ಮದುವೆಯ ಪಾವಿತ್ರ್ಯವನ್ನು ಎತ್ತಿಹಿಡಿಯಬೇಕೆಂಬುದು ಅದರ ಒಂದು ಕಟ್ಟಳೆ.

ನಮ್ಮಲ್ಲಿಯೂ ನಾಯಕಿ ಬಂದದ್ದು ಮನೆಯ ಬಾಗಿಲಿನಿಂದಲೇ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಅಮರ ಚಿತ್ರಕಥೆಯನ್ನು ನಮ್ಮ ಪುರಾಣ, ಇತಿಹಾಸಗಳತ್ತ ತಿರುಗಿಸಿದರು. 11ನೆಯದು ಕೃಷ್ಣನ ಕಥೆ, 12ನೆಯದು ಶಕುಂತಲೆ, 14ನೆಯದು ಸಾವಿತ್ರಿ. ಇಬ್ಬರೂ ಪತಿವ್ರತೆಯರೇ. ಆದರೂ ಸಾವಿತ್ರಿಯನ್ನು ಸ್ನೋ ವೈಟ್ ಜೊತೆ ತೂಗಬಾರದು. ಇಲ್ಲಿ ಸತ್ತು ಮಲಗಿದವನು ಗಂಡ, ಯಮನ ಬೆನ್ನು ಹತ್ತಿ ಮಾತಿನಲ್ಲೇ ಅವನನ್ನು ಕಟ್ಟಿಹಾಕಿದವಳು ಹೆಂಡತಿ. ಮುಂದೆ ಕುದುರೆಯೇರಿದ ಝಾನ್ಸಿ ರಾಣಿಯೂ ಬಂದಳು.

ಅಮೆರಿಕದ ಮಾದರಿಯಲ್ಲೇ ಹಾರುವ, ಹೊಡೆದಾಡುವ ನಾಯಕಿಯೊಬ್ಬಳು ಬೆಂಗಳೂರಿನಲ್ಲಿ ರೂಪುಗೊಂಡದ್ದು 2006ರಲ್ಲಿ. ವರ್ಜಿನ್ ಕಾಮಿಕ್ಸ್ ಸಂಸ್ಥೆಯ ಚಿತ್ರಶಾಲೆ ಈ ಊರಲ್ಲಿತ್ತು. ಚಿತ್ರನಿರ್ದೇಶಕ ಶೇಖರ್ ಕಪೂರ್ ಕಲ್ಪಿಸಿದ ‘ದೇವಿ’ಯನ್ನು ಮುಕೇಶ್ ಸಿಂಗ್ ಚಿತ್ರಿಸಿದರು. ತಾರಾ ಮೆಹ್ತಾ ಎಂಬ ಇಂದಿನ ಹುಡುಗಿಯ ಮೈಯಲ್ಲಿ ಪುರಾತನ ಶಕ್ತಿ ಇಳಿದುಬರುವ ಕಥೆ. 1965ರಲ್ಲಿ ಬೆಂಗಳೂರಿನಿಂದ ಹೊರಟ ಸ್ಲೀಪಿಂಗ್ ಬ್ಯೂಟಿ ಕನ್ನಡ ಮಾತನಾಡಿದ್ದಳು. ಅದೇ ಊರಿನಿಂದ ಹೊರಟ ದೇವಿ ಮಾತನಾಡಿದ್ದು ಇಂಗ್ಲಿಷ್.