ನೀರುನಾಯಿಯ ಊಟ, ನಮ್ಮ ಊಟ

ಮಳೆಗಾಲ ಕಳೆದು ಹೊಳೆಯ ನೀರು ತಿಳಿಯಾದ ಮೇಲೆ ಬೆಳಗಿನ ಹೊತ್ತು ದಂಡೆಯ ಬಂಡೆಗಳನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಮೀನಿನ ಪರೆ, ಏಡಿಯ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಅಲ್ಲಿ ಕಂಡರೆ, ರಾತ್ರಿ ನೀರುನಾಯಿ ಬಂದುಹೋಗಿದೆಯೆಂದು ತಿಳಿಯಬಹುದು. ಬಲೆ ಹರಿಯುವ ಕಳ್ಳನೆಂದು ಅದನ್ನು ಬೈಯುವವರುಂಟು. ಆದರೂ ಇಂದು ಅದರ ಪರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಉಣ್ಣುವ ಮೀನೇ ಅಲ್ಲವೆ, ನಮ್ಮ ಅಡಿಗೆಮನೆಗೂ ಬರುವುದು?

ಕುಂದಾಪುರದ ಬಳಿ ಐದು ಹೊಳೆಗಳು ಪಂಚಗಂಗಾವಳಿಯಾಗಿ ಕೂಡಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತವೆ. ಕೊಲ್ಲೂರಿನ ಸೌಪರ್ಣಿಕೆ ಬೈಂದೂರು ತಾಲೂಕಿನ ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬಂದು, ಮತ್ತೆ ಹೊರಳಿ ಅವುಗಳೊಡನೆ ಕೂಡಿಕೊಳ್ಳುತ್ತದೆ. ಬ್ರಹ್ಮಾವರದ ಕಡೆ ಸೀತಾ ಮತ್ತು ಸ್ವರ್ಣಾ ನದಿಗಳಿವೆ. ಹೊಳೆ ಹೊತ್ತು ತಂದದ್ದೆಲ್ಲ ಅಳಿವೆಯ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಬುಡದಲ್ಲಿ ತಂಗುತ್ತದೆ. ಗೊಬ್ಬರವಾಗುವ ಎಲೆಯೂ ತಂಗುತ್ತದೆ, ಎಂದಿಗೂ ಕೊಳೆಯದ ಲೋಹವೂ ತಂಗುತ್ತದೆ.

ಪಾದರಸ, ಸೀಸ, ಕ್ಯಾಡ್ಮಿಯಂಗಳು ಭಾರ ಲೋಹಗಳು. ಇವುಗಳಲ್ಲಿ ಪಾದರಸದ ರೀತಿ ವಿಚಿತ್ರವಾದುದು. ಗಾಳಿಯಾಡದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಹುಳುವಿನಿಂದ ಚಟ್ಲಿಗೆ, ಚಟ್ಲಿಯಿಂದ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ಹೋಗುತ್ತದೆ. ಮೆಟ್ಟಿಲು ಏರಿದಂತೆಲ್ಲ ವಿಷವೂ ಏರುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಕುಳಿತಿರುವುದು ದಿನಕ್ಕೆ ಸುಮಾರು ಒಂದು ಕಿಲೋ ಮೀನು ತಿನ್ನುವ ನೀರುನಾಯಿ, ಕಡಲಿನಲ್ಲಾದರೆ ಡಾಲ್ಫಿನ್.

ಈ ವಿಷ ಮೊದಲು ತಟ್ಟುವುದು ಮಿದುಳಿಗೂ ನರಗಳಿಗೂ. ಮೀಥೈಲ್ ಪಾದರಸ ಬೆರೆತ ಆಹಾರ ತಿಂದ ನೀರುನಾಯಿಗಳು ಊಟ ಬಿಟ್ಟು, ತೂರಾಡುತ್ತ ನಡೆದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಈಜಿ ಬೇಟೆಯಾಡಬೇಕಾದ ಪ್ರಾಣಿಗೆ ಮೈಯ ಹತೋಟಿ ತಪ್ಪಿದರೆ ಬದುಕುವ ಬಗೆ ಹೇಗೆ? ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ನೆಲೆಸುತ್ತದೆ. ಸೀಸ ಎಲುಬಿನಲ್ಲಿ ಸೇರಿಕೊಳ್ಳುತ್ತದೆ.

ಇದು ದೂರದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಜನರ ಕಾಯಿಲೆ ಬೆಳಕಿಗೆ ಬರುವುದಕ್ಕೆ ಮುಂಚೆಯೇ, ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತಿದ್ದವು. ಸೂಚನೆ ಸಿಕ್ಕಿತ್ತು; ಓದುವವರು ಇರಲಿಲ್ಲ. ನಮ್ಮ ಕರಾವಳಿಯಲ್ಲೇ, ಕಾರವಾರದ ಬಳಿ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಸಮೀಪದ ಕಡಲಿನಲ್ಲಿ ಪಾದರಸವಿದ್ದುದನ್ನು ಮೀನುಗಾರಿಕಾ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದರು. ಪಾದರಸವನ್ನು ಹತೋಟಿಯಲ್ಲಿಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ 2013ರಲ್ಲಿ ಇಟ್ಟರು. 2018ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು.

ಹಾಗೆಂದು ಮೀನಿನ ಬುಟ್ಟಿಯನ್ನು ಕಂಡು ಹೆದರಬೇಡಿರಿ. ನಮ್ಮ ಹೊಳೆಗಳು ವಿಷವಾಗಿವೆಯೆಂದು ಸಾರುವುದು ನನ್ನ ಉದ್ದೇಶವಲ್ಲ. ಆಗದಂತೆ ನೋಡಿಕೊಳ್ಳೋಣ ಎಂಬುದಷ್ಟೇ. ಕೆಟ್ಟುಹೋದ ಟ್ಯೂಬ್ ಲೈಟಿನಲ್ಲಿ ಪಾದರಸವಿದೆ, ವಾಹನದ ಬ್ಯಾಟರಿಯಲ್ಲಿ ಸೀಸವಿದೆ. ಇವನ್ನು ತೋಡಿಗೆ ಎಸೆದರೆ ಮಳೆಗಾಲದ ಮೊದಲ ನೆರೆಯೇ ಅವನ್ನು ಅಳಿವೆಗೆ ಮುಟ್ಟಿಸುತ್ತದೆ. ಹಳೆಯ ಬ್ಯಾಟರಿಗಳನ್ನು ತಯಾರಕರೇ ಹಿಂದಕ್ಕೆ ಪಡೆಯಬೇಕೆಂಬ ನಿಯಮ 2022ರಲ್ಲಿ ಬಂದಿದೆ. ಅಂಗಡಿಯವರನ್ನು ಕೇಳಿ ಹಿಂತಿರುಗಿಸಿರಿ. ಒಡೆದ ಟ್ಯೂಬನ್ನು ಮಕ್ಕಳ ಕೈಗೆ ಕೊಡದಿರಿ.

ತುಂಗಭದ್ರೆಯ ತೀರದಲ್ಲಿ 34 ಕಿಲೋಮೀಟರು ಹೊಳೆಯನ್ನು ನೀರುನಾಯಿಗಳಿಗಾಗಿ 2015ರಲ್ಲಿ ಕಾದಿರಿಸಲಾಯಿತು. ನಮ್ಮ ಹೊಳೆಗೆ ಅಂಥ ಫಲಕ ಬರುವ ತನಕ ಕಾಯಬೇಕಾಗಿಲ್ಲ. ಹಿಂದಿನ ಕಾಲದಲ್ಲಿ ಅರಸನ ಊಟವನ್ನು ಮೊದಲು ರುಚಿ ನೋಡುವ ಸೇವಕನೊಬ್ಬನಿರುತ್ತಿದ್ದನಂತೆ. ಸಂಬಳವಿಲ್ಲದೆ ಆ ಕೆಲಸವನ್ನು ನಮಗಾಗಿ ಮಾಡುತ್ತಿರುವುದು ನೀರುನಾಯಿ. ನಾಳೆ ಬೆಳಿಗ್ಗೆ ಬಂಡೆಯ ಮೇಲೆ ಅದರ ಗುರುತು ಕಂಡರೆ, ಕಳ್ಳ ಬಂದಿದ್ದನೆಂದು ಬೈಯಬೇಡಿರಿ. ಹೊಳೆ ಇನ್ನೂ ಬದುಕಿದೆಯೆಂದು ಸಂತೋಷಪಡಿರಿ.